ತಟ್ಟೆಯಲ್ಲಿ ಗೆದ್ದ ಲವಂಗ

ಈಚೆಗೊಂದು ಭಾನುವಾರ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದೆ. ಕೆಳಮನೆಯ ಹುಡುಗಿ ಹಿಂದೆಯೇ ಬಂದಳು. ಮದುವೆಯಾಗಿ ಎರಡು ವರ್ಷವಾಗಿರಬಹುದು. ಅದೂ ಇದೂ ಮಾತಾಡಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಆಂಟಿ, ನೀವು ಕಾಲೇಜಲ್ಲಿ ಈ ಕ್ರಿಮಿಗಳ ಪಾಠ ಮಾಡ್ತೀರಲ್ವಾ, ಒಂದು ಕೇಳ್ಲಾ?" ಎಂದಳು. ಎರಡು ವಾರದಿಂದ ತುರಿಕೆ, ಒಡೆದ ಮೊಸರಿನಂಥ ಬಿಳಿ ಸ್ರಾವ. ಗಂಡನಿಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಬೆಳ್ಳುಳ್ಳಿ ಎಸಳು ಜಜ್ಜಿ, ತೆಳುಬಟ್ಟೆಯಲ್ಲಿ ಸುತ್ತಿ ರಾತ್ರಿಯೆಲ್ಲ ಒಳಗಿಟ್ಟುಕೊಂಡಿದ್ದಾಳೆ. ಬೆಳಗಾಗುವಷ್ಟರಲ್ಲಿ ಕೂರಲೂ ಆಗದಷ್ಟು ಉರಿ. "ಬೆಳ್ಳುಳ್ಳಿ ಫಂಗಸ್ ಸಾಯಿಸತ್ತೆ ಅಂತಾರಲ್ಲ ಆಂಟಿ, ಅದು ಸುಳ್ಳಾ?"

ಸುಳ್ಳಲ್ಲ. ಬೆಳ್ಳುಳ್ಳಿಯ ರಸ ಈ ಯೀಸ್ಟನ್ನು ಕೊಲ್ಲುವುದನ್ನು ನಾನೇ ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ಆದರೆ ಕಂಡದ್ದು ಗಾಜಿನ ತಟ್ಟೆಯಲ್ಲಿ. ತಟ್ಟೆಯಿಂದ ಮೈಯವರೆಗೆ ಒಂದು ದೂರದ ದಾರಿಯಿದೆ. ಅದನ್ನು ಅಳೆದು ನಡೆದರೆ ಗಿಡದೊಳಗಿನ ರಸ ಮದ್ದಾಗುತ್ತದೆ. ಅಳೆಯದೆ ಹಾರಿದರೆ ಆ ಹುಡುಗಿಗೆ ಆದದ್ದೇ ಆಗುತ್ತದೆ. ಇವತ್ತು ಆ ದಾರಿಯ ಬಗ್ಗೆ ಬರೆಯಬೇಕು ಅನ್ನಿಸಿತು.

ಅವಳನ್ನು ಕಾಡುತ್ತಿದ್ದದ್ದು ಬಹುಶಃ ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಯೀಸ್ಟ್. ಬೇಕರಿಯಲ್ಲಿ ಬ್ರೆಡ್ಡು ಉಬ್ಬಿಸುವ ಯೀಸ್ಟಿನ ದೂರದ ನೆಂಟ. ಹೊರಗಿನಿಂದ ದಾಳಿಯಿಡುವ ವೈರಿಯೇನೂ ಅಲ್ಲ. ನಮ್ಮಲ್ಲಿ ಬಹಳ ಮಂದಿಯ ಬಾಯಿ, ಕರುಳು, ಹೆಂಗಸರ ಯೋನಿಯಲ್ಲಿ ಸದ್ದಿಲ್ಲದೆ ಇರುವ ಜೀವಿ. ಅಲ್ಲಿಯೇ ನೆಲೆಸಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ನಮ್ಮ ರೋಗನಿರೋಧಕ ಶಕ್ತಿಯೂ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಜ್ವರಕ್ಕೋ ಗಂಟಲುನೋವಿಗೋ ಆ್ಯಂಟಿಬಯಾಟಿಕ್ ನುಂಗಿದಾಗ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಯೀಸ್ಟಿಗೆ ಜಾಗ ಬಿಡುವಾಗುತ್ತದೆ. ಬಸಿರು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ದೀರ್ಘಕಾಲದ ಸ್ಟೀರಾಯ್ಡ್, ಎಚ್‌ಐವಿ ಇವೂ ಅದಕ್ಕೆ ದಾರಿ ಮಾಡಿಕೊಡುತ್ತವೆ. ಎಳೆಗೂಸಿನ ನಾಲಿಗೆ ಮೇಲೆ ಒರೆಸಿದರೂ ಸುಲಭವಾಗಿ ಹೋಗದ ಬಿಳಿ ಪದರ, ಹಲ್ಲಿನ ಸೆಟ್ಟು ತೆಗೆದಾಗ ಅಜ್ಜನ ಅಂಗುಳಿನಲ್ಲಿ ಕಾಣುವ ಕೆಂಪು, ಆಸ್ತಮಾದ ಇನ್‌ಹೇಲರ್ ಬಳಸಿ ಬಾಯಿ ಮುಕ್ಕಳಿಸದವರ ಗಂಟಲಿನ ಬಿಳಿ ಚುಕ್ಕೆ, ಇವೆಲ್ಲದರ ಹಿಂದೆಯೂ ಹೆಚ್ಚಾಗಿ ಇದೇ ಯೀಸ್ಟ್ ಇರುತ್ತದೆ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಯೋನಿಯ ಯೀಸ್ಟ್ ಸೋಂಕು ಬರುತ್ತದೆ ಎಂಬುದು ವೈದ್ಯಲೋಕದ ಅಂದಾಜು. ಇಷ್ಟು ಸಾಮಾನ್ಯವಾದ ತೊಂದರೆಯನ್ನು ನಮ್ಮ ಹೆಣ್ಣುಮಕ್ಕಳು ಮಹಡಿಯ ಮೂಲೆಯಲ್ಲಿ ನಿಂತು ಪಿಸುಗುಡಬೇಕಾಗಿದೆ.

ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿದರೆ ದುಂಡನೆಯ ಸಾಬಕ್ಕಿಯಂತೆ ಕಾಣುತ್ತದೆ. ಹಾಗಿರುವಷ್ಟು ದಿನ ಅಷ್ಟೇನೂ ತೊಂದರೆಯಿಲ್ಲ. ಅನುಕೂಲ ಕಂಡಾಗ ಈ ದುಂಡು ಕೋಶ ಮೊಳಕೆಯೊಡೆದು ಉದ್ದನೆಯ ಎಳೆಯಾಗುತ್ತದೆ. ನೆನೆಸಿದ ಹೆಸರುಕಾಳು ಬಾಲ ಬಿಟ್ಟ ಹಾಗೆ. ಆ ಎಳೆ ಚರ್ಮದ ಒಳಪದರಕ್ಕೆ ಚುಚ್ಚಿಕೊಂಡು ಹೋಗುತ್ತದೆ. ಹಾಗೆ ಹೋಗುವಾಗ ಅದು ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಸುರಿಯುತ್ತದೆ ಎಂಬುದು ಗೊತ್ತಾದದ್ದು 2016ರಲ್ಲಿ.

ಈಗ ಗಾಜಿನ ತಟ್ಟೆಗೆ ಬರೋಣ. ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಲವಂಗದೆಣ್ಣೆಯನ್ನೋ ಓಮವನ್ನೋ ಹಿಡಿದು ಪ್ರಾಜೆಕ್ಟಿಗೆ ಬರುತ್ತಾರೆ. ಅಗರ್ ಹಾಕಿ ಗಟ್ಟಿಮಾಡಿದ ಪೋಷಕದ ಮೇಲೆ ಯೀಸ್ಟನ್ನು ತೆಳುವಾಗಿ ಸವರಿ, ಆರು ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಯನ್ನು ಎಣ್ಣೆಯಲ್ಲಿ ಅದ್ದಿ ನಡುವೆ ಇಡುತ್ತೇವೆ. ಮೈಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಬಿಟ್ಟು ಮರುದಿನ ತೆಗೆದರೆ, ತಟ್ಟೆಯ ತುಂಬ ಕೆನೆ ಹರಡಿದಂತೆ ಯೀಸ್ಟ್ ಬೆಳೆದಿರುತ್ತದೆ, ಹಿಟ್ಟು ಹುಳಿಬಂದ ಹಾಗೆ ವಾಸನೆ. ಲವಂಗದ ಬಿಲ್ಲೆಯ ಸುತ್ತ ಮಾತ್ರ ಕನ್ನಡಿಯಂತೆ ತಿಳಿಯಾದ ವೃತ್ತ, ಅಲ್ಲಿ ಒಂದು ಚುಕ್ಕೆ ಯೀಸ್ಟೂ ಇಲ್ಲ. ಅದನ್ನು ಮೊದಲ ಸಲ ನೋಡಿದ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ಅಜ್ಜಿ ಹಲ್ಲುನೋವಿಗೆ ಇಡುತ್ತಿದ್ದ ಲವಂಗ ಸುಮ್ಮನೆ ಅಲ್ಲ ಎಂಬ ಹೆಮ್ಮೆ ಆ ಮುಖದಲ್ಲಿ ಇರುತ್ತದೆ. ಆ ಹೆಮ್ಮೆ ನ್ಯಾಯವಾದದ್ದೇ.

ಯಾಕೆಂದರೆ ಗಿಡಗಳು ಈ ರಸಾಯನಗಳನ್ನು ನಮಗಾಗಿ ಮಾಡಿಟ್ಟಿಲ್ಲ, ತಮ್ಮ ಜೀವ ಉಳಿಸಿಕೊಳ್ಳಲು ಮಾಡಿಕೊಂಡಿವೆ. ಬೆಳೆಗೆ ಬರುವ ರೋಗಗಳಲ್ಲಿ ಬಹುಪಾಲು ಶಿಲೀಂಧ್ರದವೇ ಎಂಬುದು ಯಾವ ರೈತರಿಗೂ ಗೊತ್ತು. ಭತ್ತಕ್ಕೆ ಬೆಂಕಿ, ದ್ರಾಕ್ಷಿಗೆ ಬೂದಿ. ಓಡಲಾಗದ ಗಿಡ ನಿಂತಲ್ಲೇ ಯುದ್ಧ ಮಾಡಬೇಕು. ಬೆಳ್ಳುಳ್ಳಿ ಇದಕ್ಕೆ ಮಾಡಿಕೊಂಡಿರುವ ಏರ್ಪಾಟು ಸೊಗಸಾದದ್ದು. ಇಡೀ ಎಸಳನ್ನು ಮೂಸಿ ನೋಡಿ, ಹೆಚ್ಚು ವಾಸನೆಯಿಲ್ಲ. ಅದರೊಳಗೆ ಆಲಿಯಿನ್ ಎಂಬ ವಸ್ತು ಒಂದು ಕೋಣೆಯಲ್ಲಿ, ಅದನ್ನು ಮಾರ್ಪಡಿಸುವ ಕಿಣ್ವ ಇನ್ನೊಂದು ಕೋಣೆಯಲ್ಲಿ. ಹುಳು ಕಚ್ಚಿದಾಗಲೋ ನಾವು ಕುಟ್ಟಾಣಿಯಲ್ಲಿ ಜಜ್ಜಿದಾಗಲೋ ಗೋಡೆ ಒಡೆದು ಎರಡೂ ಬೆರೆಯುತ್ತವೆ, ಕ್ಷಣಮಾತ್ರದಲ್ಲಿ ಆಲಿಸಿನ್ ಹುಟ್ಟುತ್ತದೆ. ಆ ಘಾಟೇ ಅದರ ಆಯುಧ. 1944ರಲ್ಲಿ ಕವಾಲಿಟೊ ಮತ್ತು ಬೈಲಿ ಎಂಬ ಅಮೆರಿಕದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದರು. ಉಪ್ಪಿನಕಾಯಿಗೆ ಅರೆದು ಹಾಕುವ ಸಾಸಿವೆಯ ಘಾಟೂ ಹೀಗೆಯೇ ಎರಡು ವಸ್ತು ಬೆರೆತು ಹುಟ್ಟುವಂಥದ್ದು. ಜಾಡಿಗೆ ಬೂಷ್ಟು ಬಾರದಂತೆ ಕಾಯುವುದರಲ್ಲಿ ಉಪ್ಪಿನ ಜೊತೆ ಅದರ ಪಾಲೂ ಇದೆ.

ಲವಂಗದಲ್ಲಿರುವುದು ಯೂಜಿನಾಲ್. ಓಮದ ಕಾಳಿನಲ್ಲಿ ಥೈಮಾಲ್, ಅದರ ಅವಳಿಯಂಥ ಕಾರ್ವಕ್ರಾಲ್ ನಮ್ಮ ಹಿತ್ತಲಿನ ದೊಡ್ಡಪತ್ರೆಯಲ್ಲಿ. ಚಕ್ಕೆಯಲ್ಲಿ ಸಿನ್ನಮಾಲ್ಡಿಹೈಡ್. ಇವು ಎಣ್ಣೆಯ ಗುಣದವು, ಆದ್ದರಿಂದ ಕೊಬ್ಬಿನಿಂದಾದ ಕೋಶದ ಪೊರೆಯೊಳಗೆ ಸಲೀಸಾಗಿ ನುಗ್ಗುತ್ತವೆ. ಪೊರೆ ಸೋರತೊಡಗುತ್ತದೆ, ಒಳಗಿನ ಲವಣಗಳ ಲೆಕ್ಕ ತಪ್ಪುತ್ತದೆ, ಕೋಶ ಸಾಯುತ್ತದೆ. ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಮಹಾರಾಷ್ಟ್ರದ ನಾಂದೇಡಿನ ಸ್ವಾಮಿ ರಮಾನಂದ ತೀರ್ಥ ಮರಾಠವಾಡ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳು ಇಂಥ ಸಸ್ಯದ್ರವ್ಯಗಳು ಕ್ಯಾಂಡಿಡಾದ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂದು ವರ್ಷಗಳಿಂದ ಬಿಡಿಸಿ ನೋಡುತ್ತಿವೆ.

ಹಾಗಾದರೆ ತೊಡಕೆಲ್ಲಿ? ತೊಡಕಿರುವುದು ಪ್ರಮಾಣದಲ್ಲಿ. ಆ ತಿಳಿ ವೃತ್ತ ಕಂಡ ಕೂಡಲೇ ನಾನು ಮಕ್ಕಳನ್ನು ಕೇಳುತ್ತೇನೆ: ಎಷ್ಟು ಹಾಕಿದಿರಿ? ಯೀಸ್ಟನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣವನ್ನು ಅಳೆಯುವ ಕ್ರಮವೊಂದಿದೆ. ಯೀಸ್ಟ್ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಮಾತ್ರೆಗೆ ಮಣಿಯುವ ಕ್ಯಾಂಡಿಡಾ ಆಲ್ಬಿಕಾನ್ಸ್ ಆದರೆ ಒಂದು ಮಿಲಿಲೀಟರಿಗೆ 2 ಮೈಕ್ರೋಗ್ರಾಂ ಅಥವಾ ಅದಕ್ಕೂ ಕಡಿಮೆ ಸಾಕು. ಯೂಜಿನಾಲ್ ಸಾಮಾನ್ಯವಾಗಿ ನೂರಾರು ಮೈಕ್ರೋಗ್ರಾಂ ಬೇಕು. ತಟ್ಟೆಯಲ್ಲಿ ನೂರಾರು ಹಾಕುವುದು ಕಷ್ಟವಲ್ಲ. ಆದರೆ ಅಷ್ಟನ್ನೇ ಯೋನಿಯ ಅಥವಾ ಬಾಯಿಯ ಮೃದು ಪದರಕ್ಕೆ ಹಚ್ಚಿದರೆ? ಯೀಸ್ಟಿನ ಪೊರೆ ಹರಿಯುವ ಎಣ್ಣೆಗೆ ನಮ್ಮ ಕೋಶದ ಪೊರೆ ಬೇರೆಯಾಗಿ ಕಾಣುವುದಿಲ್ಲ, ಅದನ್ನೂ ಹರಿಯುತ್ತದೆ. ಕೆಳಮನೆಯ ಹುಡುಗಿಗೆ ಆದದ್ದೂ ಇಂಥದ್ದೇ. ಆಲಿಸಿನ್ ಯೀಸ್ಟನ್ನು ಸುಟ್ಟಿತೋ ಇಲ್ಲವೋ, ಅವಳನ್ನಂತೂ ಸುಟ್ಟಿತು.

ಹಚ್ಚುವುದು ಬೇಡ, ತಿನ್ನೋಣ ಎಂದರೆ ಇನ್ನೊಂದು ಅಡ್ಡಿ. ಅರಿಶಿನದ ಕರ್ಕ್ಯುಮಿನ್ ತಟ್ಟೆಯಲ್ಲಿ ಕ್ಯಾಂಡಿಡಾವನ್ನು ತಡೆಯುತ್ತದೆ, ಸರಿ. ಆದರೆ 2001ರಲ್ಲಿ ತೈವಾನಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿಸಿದರೂ ರಕ್ತದಲ್ಲಿ ಸಿಕ್ಕಿದ್ದು ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ. ಕರುಳು ಹೀರಿಕೊಳ್ಳುವುದೇ ಕಷ್ಟ, ಹೀರಿಕೊಂಡದ್ದನ್ನೂ ದೇಹ ಬೇಗ ಮಾರ್ಪಡಿಸಿಬಿಡುತ್ತದೆ. ಬೆಳ್ಳುಳ್ಳಿಯನ್ನೂ ಹೀಗೆ ಪರೀಕ್ಷಿಸಿದ್ದಾರೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 63 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಳ್ಳುಳ್ಳಿ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ತೋರಿಕೆಯ ಮಾತ್ರೆ ಕೊಟ್ಟು ಎರಡು ವಾರ ನೋಡಿದರು. ಯೋನಿಯ ಯೀಸ್ಟಿನ ಎಣಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆಳ್ಳುಳ್ಳಿ ಊಟಕ್ಕೆ ಒಳ್ಳೆಯದೇ, ಆದರೆ ಬಾಯಿಂದ ನುಂಗಿದ ಬೆಳ್ಳುಳ್ಳಿ ಅಲ್ಲಿಯವರೆಗೆ ತಲುಪಿ ಕೆಲಸ ಮಾಡುತ್ತದೆ ಎನ್ನಲು ಈ ಪ್ರಯೋಗದಲ್ಲಿ ಆಧಾರ ಸಿಗಲಿಲ್ಲ.

ಇಷ್ಟು ಓದಿದವರು "ಅಂಗಡಿಯಲ್ಲಿ ಮಾತ್ರೆ ಇದೆಯಲ್ಲ, ಗಿಡದ ಗೊಡವೆ ಯಾಕೆ?" ಎಂದು ಕೇಳಬಹುದು. ಗಿಡದ ಗೊಡವೆ ಬೇಕು, ತುಂಬಾ ಬೇಕು.

ಶಿಲೀಂಧ್ರಕ್ಕೆ ಮದ್ದು ಹುಡುಕುವುದು ಬ್ಯಾಕ್ಟೀರಿಯಾಕ್ಕೆ ಹುಡುಕಿದಷ್ಟು ಸುಲಭವಲ್ಲ. ಬ್ಯಾಕ್ಟೀರಿಯಾ ನಮಗಿಂತ ತೀರಾ ಬೇರೆ; ಅದಕ್ಕೆ ತಾಗಿ ನಮಗೆ ತಾಗದ ಗುರಿಗಳು ಬೇಕಾದಷ್ಟಿವೆ. ಶಿಲೀಂಧ್ರವಾದರೋ ಜೀವವೃಕ್ಷದಲ್ಲಿ ಗಿಡಕ್ಕಿಂತ ನಮಗೇ ಹತ್ತಿರದ ಸಂಬಂಧಿ. ಅದರ ಕೋಶದಲ್ಲೂ ನಮ್ಮ ಹಾಗೆಯೇ ಕೇಂದ್ರವಿದೆ, ಹೆಚ್ಚುಕಡಿಮೆ ಅದೇ ಯಂತ್ರಗಳಿವೆ. ವ್ಯತ್ಯಾಸ ಇರುವ ಕಡೆಗಳು ಕೆಲವೇ. ನಮ್ಮ ಪೊರೆಯಲ್ಲಿ ಕೊಲೆಸ್ಟ್ರಾಲ್ ಇದ್ದರೆ ಅದರಲ್ಲಿ ಎರ್ಗೋಸ್ಟೆರಾಲ್. ನಮಗೆ ಕೋಶದ ಹೊರಗೋಡೆಯಿಲ್ಲ, ಅದಕ್ಕಿದೆ. ಮೈಯೊಳಗೆ ಹರಡಿದ ಗಂಭೀರ ಸೋಂಕಿಗೆ ವೈದ್ಯರು ಮುಖ್ಯವಾಗಿ ನೆಚ್ಚಿರುವ ಔಷಧಗಳು ಮೂರೇ ಗುಂಪಿನವು, ಅವೆಲ್ಲ ಈ ಎರಡು ಗುರಿಗಳ ಸುತ್ತಲೇ ಇವೆ. ಒಂದಕ್ಕೆ ಯೀಸ್ಟ್ ಒಗ್ಗಿಕೊಂಡರೆ ಉಳಿಯುವುದು ಎರಡು.

ಒಗ್ಗಿಕೊಳ್ಳುತ್ತಲೂ ಇದೆ. 2009ರಲ್ಲಿ ಜಪಾನಿನ ವೈದ್ಯರು ಒಬ್ಬ ರೋಗಿಯ ಕಿವಿಯಲ್ಲಿ ಕ್ಯಾಂಡಿಡಾ ಆರಿಸ್ ಎಂಬ ಹೊಸ ಯೀಸ್ಟನ್ನು ಗುರುತಿಸಿದರು. ಲ್ಯಾಟಿನ್ನಿನಲ್ಲಿ ಆರಿಸ್ ಎಂದರೆ ಕಿವಿ. ಕೆಲವೇ ವರ್ಷಗಳಲ್ಲಿ ಅದು ನಮ್ಮ ದೆಹಲಿಯ ಆಸ್ಪತ್ರೆಗಳಲ್ಲೂ ಸೇರಿ ಹಲವು ದೇಶಗಳ ತೀವ್ರನಿಗಾ ಘಟಕಗಳಲ್ಲಿ ಕಾಣಿಸಿಕೊಂಡಿತು. ಅದರ ಬಹುತೇಕ ತಳಿಗಳು ಫ್ಲುಕೊನಜೋಲ್‌ಗೆ ಜಗ್ಗುವುದಿಲ್ಲ. ಕೆಲವು ಮೂರೂ ಗುಂಪಿನ ಔಷಧಕ್ಕೆ ಮಣಿಯುವುದಿಲ್ಲ. 2022ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. 19ರ ಆ ಪಟ್ಟಿಯಲ್ಲಿ ಅತಿ ತುರ್ತಿನ ಸಾಲಿನಲ್ಲಿ ನಿಂತ ನಾಲ್ಕರಲ್ಲಿ ಎರಡು ಕ್ಯಾಂಡಿಡಾಗಳೇ: ಆರಿಸ್ ಮತ್ತು ನಮ್ಮ ಹಳೆಯ ಪರಿಚಯದ ಆಲ್ಬಿಕಾನ್ಸ್.

ಗಿಡಗಳು ಇಲ್ಲಿ ಒದಗಿ ಬರಬಲ್ಲವು, ಆದರೆ ನಾವು ಎಣಿಸಿದ ರೀತಿಯಲ್ಲಲ್ಲ. ಒಂಟಿಯಾಗಿ ಯೀಸ್ಟನ್ನು ಕೊಲ್ಲಲು ನೂರಾರು ಮೈಕ್ರೋಗ್ರಾಂ ಬೇಕಾಗುವ ದ್ರವ್ಯ, ಇನ್ನೊಂದು ಔಷಧದ ಜೊತೆಗೂಡಿದಾಗ ಬಹಳ ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡಬಹುದು. ಮರದರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಬೆರ್ಬೆರಿನ್ ಹೀಗೆ ಫ್ಲುಕೊನಜೋಲ್‌ಗೆ ಬಗ್ಗದ ಯೀಸ್ಟನ್ನು ಅದೇ ಫ್ಲುಕೊನಜೋಲ್ ಜೊತೆ ಸೇರಿ ಬಗ್ಗಿಸಿದ್ದನ್ನು ಪ್ರಯೋಗಾಲಯಗಳು ತೋರಿಸಿವೆ. ಯೂಜಿನಾಲ್, ಥೈಮಾಲ್‌ಗಳೂ ಇಂಥ ಜೊತೆಗಾರಿಕೆ ತೋರಿವೆ. ಬಾಗಿಲು ಮುರಿಯಲಾಗದವನು ಬಾಗಿಲು ಹಿಡಿದುಕೊಂಡು ಇನ್ನೊಬ್ಬನನ್ನು ಒಳಗೆ ಬಿಟ್ಟ ಹಾಗೆ.

ಇನ್ನೊಂದು ದಾರಿ, ಕೊಲ್ಲದೆ ಕಟ್ಟಿಹಾಕುವುದು. ಹಲ್ಲಿನ ಸೆಟ್ಟಿನ ಮೇಲೆ, ಮೂತ್ರದ ಕ್ಯಾತಿಟರ್ ಮೇಲೆ ಯೀಸ್ಟ್ ಲೋಳೆಯ ಹೊದಿಕೆ ಹೊದ್ದು ಗುಂಪಾಗಿ ಕೂರುತ್ತದೆ. ಬಾವಿಯ ಮೆಟ್ಟಿಲಿಗೆ ಪಾಚಿ ಹಿಡಿದಂತೆ. ಆ ಹೊದಿಕೆಯೊಳಗಿರುವ ಯೀಸ್ಟಿಗೆ ಔಷಧ ನಾಟುವುದು ಬಹಳ ಕಷ್ಟ. ಅದು ಕೂರುವ ಮೊದಲೇ ಅಂಟದಂತೆ, ಎಳೆ ಬಿಡದಂತೆ ಮಾಡಿದರೆ? 2001ರಲ್ಲಿ ಒಂದು ಬೆರಗಿನ ಸಂಗತಿ ಗೊತ್ತಾಯಿತು. ಸಂಖ್ಯೆ ಮಿತಿಮೀರಿದಾಗ ಕ್ಯಾಂಡಿಡಾ ತಾನೇ ಫಾರ್ನೆಸಾಲ್ ಎಂಬ ವಸ್ತುವನ್ನು ಹೊರಬಿಟ್ಟು "ಇನ್ನು ಎಳೆ ಬಿಡಬೇಡಿ" ಎಂದು ತನ್ನವರಿಗೆ ಸಂದೇಶ ಕೊಡುತ್ತದೆ. ಅದೇ ಫಾರ್ನೆಸಾಲ್ ಮಜ್ಜಿಗೆಹುಲ್ಲು, ಗುಲಾಬಿಯಂಥ ಗಿಡಗಳ ಪರಿಮಳದಲ್ಲೂ ಇದೆ. ವೈರಿಯ ಭಾಷೆಯ ಒಂದು ಪದ ಹೂವಿನಲ್ಲಿ ಸಿಕ್ಕಂತೆ ಅಲ್ಲವೇ? ಗಿಡದ್ರವ್ಯಗಳಿಗೆ ಮೊದಲು ನೆಲೆ ಸಿಗಬಹುದಾದ ಜಾಗ ಇಂಥವೇ ಎಂದು ನನಗೆ ಅನ್ನಿಸುತ್ತದೆ: ರಾತ್ರಿ ಸೆಟ್ಟು ನೆನೆಹಾಕುವ ದ್ರಾವಣ, ಕ್ಯಾತಿಟರಿನ ಲೇಪ. ಅಲ್ಲಿ ಮೈಸುಡುವ ಭಯ ಕಡಿಮೆ.

ಪ್ರಕೃತಿಯಿಂದ ಮದ್ದು ಬಂದದ್ದು ಇದೇ ಮೊದಲೂ ಅಲ್ಲ. 1948ರ ಹೊತ್ತಿಗೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬಿಬ್ಬರು ವಿಜ್ಞಾನಿಗಳು ಮಣ್ಣಿನೊಳಗೆ ಶಿಲೀಂಧ್ರನಾಶಕವನ್ನು ಹುಡುಕುತ್ತಿದ್ದರು. ಹೇಜನ್ ನ್ಯೂಯಾರ್ಕ್ ನಗರದಲ್ಲಿ, ಬ್ರೌನ್ ಆಲ್ಬನಿಯಲ್ಲಿ. ಒಬ್ಬರು ಬೆಳೆಸಿದ ಸೂಕ್ಷ್ಮಜೀವಿಯನ್ನು ಉಪ್ಪಿನಕಾಯಿ ಹಾಕಿಡುವಂಥ ಗಾಜಿನ ಜಾಡಿಯಲ್ಲಿ ತುಂಬಿ ಅಂಚೆಯಲ್ಲಿ ಕಳಿಸುವುದು, ಇನ್ನೊಬ್ಬರು ಅದರಿಂದ ರಸಾಯನ ಬೇರ್ಪಡಿಸಿ ಮರಳಿ ಕಳಿಸುವುದು. ಅಂಥ ಎಷ್ಟೋ ರಸಾಯನಗಳು ಯೀಸ್ಟನ್ನು ಕೊಂದವು, ಪ್ರಾಣಿಗಳಿಗೂ ವಿಷವಾದವು. ಅವನ್ನೆಲ್ಲ ಅವರು ಕೈಬಿಟ್ಟರು. ಕೊನೆಗೆ ವರ್ಜೀನಿಯಾದ ಒಂದು ಹೊಲದ ಮಣ್ಣಿನಲ್ಲಿ ಸಿಕ್ಕ ಜೀವಿಯಿಂದ ಬಂದದ್ದೇ 1950ರಲ್ಲಿ ಅವರು ಪ್ರಕಟಿಸಿದ ನಿಸ್ಟಾಟಿನ್. ಇವತ್ತಿಗೂ ಮಕ್ಕಳ ಬಾಯಿಯ ಬಿಳಿ ಪದರಕ್ಕೆ ಕೊಡುವ ಹನಿ ಅದು. ಬಂದ 1.3 ಕೋಟಿ ಡಾಲರಿಗೂ ಮೀರಿದ ಗೌರವಧನವನ್ನು ಇಬ್ಬರೂ ವಿಜ್ಞಾನಕ್ಕೇ ಬಿಟ್ಟುಕೊಟ್ಟರು.

ಇತ್ತೀಚಿನ ಉದಾಹರಣೆ ಇನ್ನೂ ಚೆಂದ. ಜೂನಿಪರ್ ಎಂಬ ಚಳಿನಾಡಿನ ಗಿಡದ ಎಲೆಯಲ್ಲಿ ವಾಸಿಸುವ ಒಂದು ಶಿಲೀಂಧ್ರ, ಬೇರೆ ಶಿಲೀಂಧ್ರಗಳ ಕೋಶಗೋಡೆ ಕಟ್ಟುವ ಕೆಲಸವನ್ನೇ ನಿಲ್ಲಿಸುವ ಎನ್ಫುಮಾಫಂಜಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. 2000ದಲ್ಲಿ ಅದರ ವಿವರ ಪ್ರಕಟವಾಯಿತು. ಸಿಕ್ಕ ರೂಪದಲ್ಲೇ ಅದು ಮದ್ದಾಗಲಿಲ್ಲ. ರಸಾಯನಜ್ಞರು ಅದರ ಅಂಗಾಂಗ ತಿದ್ದಿ, ನುಂಗಿದರೆ ಮೈಗೆ ಹತ್ತುವಂತೆ ಮಾಡಿ, ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಪರೀಕ್ಷಿಸಿ, ಇಬ್ರೆಕ್ಸಾಫಂಜರ್ಪ್ ಎಂಬ ಮಾತ್ರೆಯಾಗಿ 2021ರ ಜೂನಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದರು. ಯಾವ ಕಾಯಿಲೆಗೆ ಗೊತ್ತೇ? ಯೋನಿಯ ಯೀಸ್ಟ್ ಸೋಂಕಿಗೇ. ಎಲೆಯಿಂದ ಮಾತ್ರೆಯವರೆಗಿನ ದಾರಿಗೆ ಎರಡು ದಶಕ ಹಿಡಿಯಿತು. ನಾನು ಮೊದಲು ಹೇಳಿದ ದೂರ ಅಂದರೆ ಇದೇ.

ನಮ್ಮ ಪಶ್ಚಿಮ ಘಟ್ಟಕ್ಕೂ ಇಲ್ಲೊಂದು ಪಾಠವಿದೆ. ಬೆರ್ಬೆರಿನ್ ತುಂಬಿದ ಮರದರಿಶಿನದ ಬಳ್ಳಿ ಬೆಳೆದು ಬಲಿಯಲು ಬಹಳ ವರ್ಷ ಬೇಕು. ಔಷಧಕ್ಕೆಂದು ಬುಡಸಮೇತ ಕಡಿದು ಕಡಿದು ಅದೀಗ ಅಳಿವಿನಂಚಿಗೆ ಬಂದಿದೆ. "ಇದು ಆ ರೋಗಕ್ಕೆ ರಾಮಬಾಣ" ಎಂಬ ಒಂದು ಅವಸರದ ಮಾತು ಕಾಡಿನಲ್ಲಿ ಮಚ್ಚಾಗಿ ಇಳಿಯುತ್ತದೆ. ಅಳೆದು ಸಾಬೀತುಪಡಿಸುವ ಮೊದಲೇ ಗಿಡ ಮುಗಿದರೆ, ಮದ್ದೂ ಹೋಯಿತು, ಗಿಡವೂ ಹೋಯಿತು.

ಕೊನೆಗೆ ಮನೆಯ ಮಾತು. ತುರಿಕೆ, ಸ್ರಾವ ಕಂಡದ್ದೆಲ್ಲ ಯೀಸ್ಟ್ ಅಲ್ಲ. 2002ರಲ್ಲಿ ಅಮೆರಿಕದಲ್ಲಿ, ತಮಗೆ ಯೀಸ್ಟ್ ಸೋಂಕೇ ಆಗಿದೆ ಎಂದುಕೊಂಡು ಅಂಗಡಿಯಲ್ಲಿ ಔಷಧ ಕೊಂಡ 95 ಹೆಂಗಸರನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ ನಿಜವಾಗಿ ಅದಿತ್ತು. ಉಳಿದವರಿಗೆ ಬ್ಯಾಕ್ಟೀರಿಯಾದ ಸೋಂಕೋ ಮತ್ತೊಂದೋ. ಅದಕ್ಕೆ ಬೆಳ್ಳುಳ್ಳಿಯೂ ಬೇಡ, ಯೀಸ್ಟಿನ ಮುಲಾಮೂ ಬೇಡ, ಬೇರೆಯದೇ ಚಿಕಿತ್ಸೆ ಬೇಕು. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ. ಮಾಮೂಲಿ ಯೀಸ್ಟ್ ಸೋಂಕಾದರೆ ಸರಿಯಾದ ಔಷಧ ಪೂರ್ತಿ ಬಳಸಿದ ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ವಾಸಿಯಾಗುತ್ತದೆ. ಬಸುರಿಯರು ಮಾತ್ರೆಯನ್ನು ತಾವಾಗಿಯೇ ನುಂಗಬಾರದು. ವರ್ಷಕ್ಕೆ ಮೂರು ನಾಲ್ಕು ಸಲ ಮರುಕಳಿಸಿದರೆ ರಕ್ತದ ಸಕ್ಕರೆ ನೋಡಿಸಿ. ಲವಂಗದೆಣ್ಣೆ, ಓಮದೆಣ್ಣೆ, ಬೆಳ್ಳುಳ್ಳಿ ಯಾವುದನ್ನೂ ಒಳಗೆ ಹಚ್ಚಬೇಡಿ, ಮಗುವಿನ ಬಾಯಿಗಂತೂ ಬೇಡವೇ ಬೇಡ. ಅಡುಗೆಮನೆಯಲ್ಲಿ ಅವಕ್ಕೆ ಅವುಗಳದೇ ಮರ್ಯಾದೆಯ ಜಾಗವಿದೆ.

ಆ ಹುಡುಗಿಯನ್ನು ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸುಟ್ಟ ಜಾಗ ಮಾಯಲು ಒಂದು ವಾರ ಬೇಕಾಯಿತು, ಯೀಸ್ಟಿಗೆ ಅಷ್ಟೂ ಬೇಕಾಗಲಿಲ್ಲ. ಹೋದ ವಾರ ಅವಳು ಮತ್ತೆ ಮಹಡಿಗೆ ಬಂದಿದ್ದಳು. ಧೈರ್ಯ ಮಾಡಿ ಊರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದಳಂತೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಮ್ಮ ಹೇಳಿದರಂತೆ: "ನನಗೂ ಐದಾರು ವರ್ಷದಿಂದ ಹಂಗೇ ಆಗ್ತಿದೆ ಮಗಾ. ಯಾರಿಗೆ ಅಂತ ಹೇಳ್ಲಿ?" ಈ ಸೋಮವಾರ ಮಗಳು ಊರಿಗೆ ಹೊರಟಿದ್ದಾಳೆ, ಅಮ್ಮನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಕ್ಕರೆಯನ್ನೂ ನೋಡಿಸಿಕೊಂಡು ಬರಲು.